ಹೊಳೆದಂಡೆ ಹೊಲದ ಮಣ್ಣು ಪರೀಕ್ಷೆ: ಗುಂಡಿಗೆ ಐದು ಸ್ಟಾರ್, ವರದಿಗೆ ಎರಡು

ಕಲಬುರಗಿಯಲ್ಲಿ ಒಂದು ಖಾಸಗಿ ಮಣ್ಣು ಪರೀಕ್ಷೆ ಸೇವೆ ಇದೆ. ಅವರು ಹೊಲಕ್ಕೇ ಬರುತ್ತಾರೆ, ಆಳವಾಗಿ ಗುಂಡಿ ತೋಡಿಸುತ್ತಾರೆ, ಪದರ ಪದರವಾಗಿ ಮಣ್ಣು ನೋಡಿ ವರದಿ ಕೊಡುತ್ತಾರೆ. ಹೋದ ವರ್ಷ ತೊಗರಿ ರಾಶಿ ಮುಗಿದ ಮೇಲೆ ಅವರನ್ನು ನಮ್ಮ ಹೊಲಕ್ಕೆ ಕರೆಸಿದ್ದೆವು. ಹೆಸರು ಹಾಕುತ್ತಿಲ್ಲ, ಯಾಕಂದ್ರೆ ಹೊಗಳೋದರ ಜೊತೆ ದೂರೂ ಇದೆ. ಹೊಲದಲ್ಲಿ ಅವರು ಮಾಡಿದ ಕೆಲಸ ಕೊಟ್ಟ ದುಡ್ಡಿಗೆ ಸಾರ್ಥಕ. ಆಮೇಲೆ ಕೈಗೆ ಕೊಟ್ಟ ಕಾಗದ ಮಾತ್ರ ಅರ್ಧಕ್ಕರ್ಧ ದಂಡ. ಭೀಮಾ, ಕಾಗಿಣಾ, ಮಾಂಜ್ರಾ ದಂಡೆಗೆ ಹೊಲ ಇರುವವರು ಇಂಥವರನ್ನು ಒಮ್ಮೆ ಕರೆಸಲೇಬೇಕು ಅಂತ ನನಗೆ ಅನಿಸಿದೆ, ಅದಕ್ಕೇ ಸ್ವಲ್ಪ ಉದ್ದವಾಗಿ ಬರೆಯುತ್ತಿದ್ದೇನೆ.

ನಮ್ಮ ಹೊಲ ಇರೋದು ಜೇವರ್ಗಿ ತಾಲೂಕಿನಲ್ಲಿ, ಭೀಮೆಯ ದಂಡೆಗೆ. ಸಾಗುವಳಿ ಕಾಕಾ ನೋಡಿಕೊಳ್ಳುತ್ತಾರೆ, ನಾನು ಕಲಬುರಗಿಯಲ್ಲಿದ್ದು ಲೆಕ್ಕಪತ್ರ, ಗೊಬ್ಬರ, ಓಡಾಟ ಅಂತ ಇರುತ್ತೇನೆ. ಪಹಣಿಯಲ್ಲಿ ಮಣ್ಣಿನ ನಮೂನೆ ಅಂತ ಒಂದು ಕಲಂ ಇರುತ್ತದಲ್ವಾ, ನಮ್ಮದರಲ್ಲಿ ಇಡೀ ಹೊಲಕ್ಕೆ ಕಪ್ಪು ಅಂತ ಒಂದೇ ಮಾತು. ಆದರೆ ಗಳೆ ಹೊಡೆದವರಿಗೆಲ್ಲ ಗೊತ್ತು, ರಸ್ತೆ ಕಡೆಯದು ಅಪ್ಪಟ ಎರೆ (ಬಿರುಕು ಬಿಡುವ ಕಪ್ಪು ಜೇಡಿ ಮಣ್ಣು), ಹೊಳೆ ಕಡೆಯದು ಬೇರೆ. ಹೊಳೆ ಕಡೆ ಹೆಂಟೆ ಕೈಯಲ್ಲೇ ಒಡೆಯುತ್ತದೆ, ಕುಂಟೆ ಸಲೀಸಾಗಿ ಓಡುತ್ತದೆ, ಬೇಸಿಗೆಯಲ್ಲಿ ಕಾಲು ಸಿಕ್ಕಿಕೊಳ್ಳುವಂಥ ಬಿರುಕು ಬಿಡುವುದಿಲ್ಲ. ನೋಡಲಿಕ್ಕೆ ಬಂಗಾರದಂಥ ಭೂಮಿ. ಇಷ್ಟಿದ್ದರೂ ಜಾಸ್ತಿ ಮಳೆಯಾದ ವರ್ಷ ಅಲ್ಲೇ ತೊಗರಿ ಅಲ್ಲಲ್ಲಿ ಹಳದಿಯಾಗಿ ಒಣಗುತ್ತಿತ್ತು, ಎರೆಯಲ್ಲಿ ಚೆನ್ನಾಗೇ ಇರುತ್ತಿತ್ತು. ಔಷಧಿ ಅಂಗಡಿಯವರು ನೆಟೆ ರೋಗ ಅಂದರು. ಔಷಧಿ ಕೊಟ್ಟರು, ಹಾಕಿದೆವು, ಮರುವರ್ಷ ಮತ್ತೆ ಅದೇ ಜಾಗದಲ್ಲಿ ಅದೇ ಹಳದಿ.

ಮಣ್ಣು ಆರೋಗ್ಯ ಕಾರ್ಡ್ ನಮ್ಮ ಹತ್ತಿರ ಇತ್ತು. 2015ರ ಫೆಬ್ರವರಿಯಲ್ಲಿ ಶುರುವಾದ ಯೋಜನೆ ಅದು, ಒಳ್ಳೆಯದೇ, ಬೈಯುತ್ತಿಲ್ಲ. ಅದರಲ್ಲಿ ನೋಡುವುದು 12 ಅಂಶ. ಸಾರಜನಕ, ರಂಜಕ, ಪೊಟ್ಯಾಶ್, ಗಂಧಕ, ಸತು, ಕಬ್ಬಿಣ, ತಾಮ್ರ, ಮ್ಯಾಂಗನೀಸ್, ಬೋರಾನ್, ರಸಸಾರ (ಪಿಎಚ್), ಲವಣಾಂಶ, ಸಾವಯವ ಇಂಗಾಲ. ಅಷ್ಟೇ. ಮರಳೆಷ್ಟು, ರೇವೆ (ಮರಳಿಗಿಂತ ಸಣ್ಣ, ಜೇಡಿಗಿಂತ ದಪ್ಪ ಕಣ) ಎಷ್ಟು, ಜೇಡಿ ಎಷ್ಟು ಅನ್ನುವುದು ಆ ಹನ್ನೆರಡರಲ್ಲಿ ಇಲ್ಲವೇ ಇಲ್ಲ. ಮಾದರಿ ತೆಗೆಯುವುದೂ ಮೇಲಿನ 15 ಸೆಂ.ಮೀ. ಮಣ್ಣಿನಿಂದ. ಅದೂ ಯೋಜನೆ ಶುರುವಾದಾಗಿನ ಲೆಕ್ಕದಲ್ಲಿ ನೀರಾವರಿ ಇದ್ದಲ್ಲಿ ಎರಡೂವರೆ ಹೆಕ್ಟೇರಿಗೆ ಒಂದು, ಮಳೆಯಾಶ್ರಿತ ಇದ್ದಲ್ಲಿ 10 ಹೆಕ್ಟೇರಿಗೆ ಒಂದು ಮಾದರಿ. ಅಂದರೆ ಎರೆಗೂ ಹೊಳೆದಂಡೆಗೂ ಒಂದೇ ಕಾರ್ಡ್ ಬರುವ ಸಾಧ್ಯತೆ ಜಾಸ್ತಿ. ಗೊಬ್ಬರದ ಲೆಕ್ಕಕ್ಕೆ ಇದು ಸಾಕು. ನೀರು ಎಲ್ಲಿ ನಿಲ್ಲುತ್ತದೆ, ಬೇರು ಎಲ್ಲಿ ಮುಗ್ಗರಿಸುತ್ತದೆ ಅಂತ ಕೇಳಿದರೆ ಈ ಕಾರ್ಡ್ ಏನು ಹೇಳಬೇಕು ಪಾಪ.

ಇನ್ನು ಕರೆಸಿದವರ ವಿಷಯ. ಫೋನ್ ಮಾಡಿದಾಗಲೇ ಸರ್ವೆ ನಂಬರ್ ಕೇಳಿದರು, ಹೊಳೆ ಎಷ್ಟು ದೂರ, ಕೊನೆಯ ಸಲ ನೆರೆ ಬಂದದ್ದು ಯಾವಾಗ, ಯಾವ ಜಾಗದಲ್ಲಿ ಬೆಳೆ ಕೆಡುತ್ತದೆ ಅಂತೆಲ್ಲ ವಿಚಾರಿಸಿದರು. ಅಲ್ಲೇ ನನಗೆ ಸ್ವಲ್ಪ ನಂಬಿಕೆ ಬಂತು. ಕಾಕಾ ಮಾತ್ರ ಒಪ್ಪಿರಲಿಲ್ಲ. "ಮಣ್ಣು ನೋಡ್ಲಾಕ ಇಷ್ಟು ರೊಕ್ಕಾ ಕೊಡಬೇಕಾ? ಎರಡು ಚೀಲ ಗೊಬ್ಬರ ಬರತಾವ" ಅಂದರು. ಬಂದವರು ಇಬ್ಬರು, ಒಬ್ಬರು ವಯಸ್ಸಾದ ಸರ್ವೆಯವರು, ಜೊತೆಗೊಬ್ಬ ಹುಡುಗ. ಗುಂಡಿ ತೋಡುವ ಆಳು ನಮ್ಮದೇ, ಅದನ್ನು ಮೊದಲೇ ಹೇಳಿದ್ದರು. ಜೆಸಿಬಿ ತರಿಸೋಣ ಅಂದರೆ ಬೇಡವೇ ಬೇಡ ಅಂದರು, ಬಕೆಟ್ಟು ಗೋಡೆಯನ್ನು ಸವರಿಬಿಡುತ್ತದೆ, ಪದರ ಕಾಣುವುದಿಲ್ಲ. ಸಲಿಕೆ, ಗುದ್ದಲಿಯಲ್ಲೇ ಒಂದೂವರೆ ಮೀಟರ್ ಇಳಿಸಿದೆವು. ಬಿಸಿಲು ಬೀಳುವ ಕಡೆಯ ಗೋಡೆಯನ್ನು ಅವರು ಸಣ್ಣ ಚಾಕುವಿನಿಂದ ಮೇಲಿಂದ ಕೆಳಗೆ ಕೆತ್ತುತ್ತಾ ಹೋದರು, ಅಳತೆ ಪಟ್ಟಿ ಇಳಿಬಿಟ್ಟರು, ಬಣ್ಣದ ಚೀಟಿಗಳಿರುವ ಪುಸ್ತಕ ತೆಗೆದು ಒಂದೊಂದು ಪದರದ ಮಣ್ಣಿನ ಹರಳನ್ನು ಪಕ್ಕಕ್ಕಿಟ್ಟು ನೋಡಿದರು. ಅದು ಮನ್ಸೆಲ್ ಪುಸ್ತಕ, ಮಣ್ಣಿನ ಬಣ್ಣ ಗುರುತಿಸಲು ಎಲ್ಲ ದೇಶದಲ್ಲೂ ಅದೇ.

ಆ ಗೋಡೆ ನೋಡಿದಾಗ ಕಾಕಾ ಸುಮ್ಮನಾದರು. ಮೇಲೆ ಸುಮಾರು 18 ಸೆಂ.ಮೀ. ಉಳುಮೆಯ ಮಣ್ಣು, ಸಡಿಲ. ಅದರ ಕೆಳಗೆ 46ರ ತನಕ ಸ್ವಲ್ಪ ಬಿಗಿಯಾದ ಕಂದು ಮಣ್ಣು. ಆಮೇಲೆ ಥಟ್ಟನೆ ನಾಲ್ಕು ಇಂಚಿನ ಉಸುಕಿನ ಪಟ್ಟಿ, ಬೂದು ಬಣ್ಣ, ಬೆರಳು ಹಾಕಿದರೆ ಸುರಿಯುತ್ತದೆ. ಅದರ ಕೆಳಗೆ ಮತ್ತೆ ಕಪ್ಪಗಿನ ಮಣ್ಣು, ಮೇಲಿನದಕ್ಕಿಂತಲೂ ಕಪ್ಪು, ಒಳಗೆ ಬಸವನಹುಳುವಿನ ಸಣ್ಣ ಚಿಪ್ಪು, ಕೊಳೆತ ಬೇರಿನ ಗುರುತು. "ಇಲ್ಲಿ ನೋಡ್ರಿ ಯಜಮಾನ್ರ, ಇದು ಹಿಂದಿನವರು ಉತ್ತ ಹೊಲ. ಅದರ ಮ್ಯಾಲ ಹೊಳಿ ಉಸುಕು ಹಾಸಿ, ಉಸುಕಿನ ಮ್ಯಾಲ ರೇವಿ ಹಾಕ್ಯಾದ" ಅಂದರು ಸರ್ವೆಯವರು. ಗೋಡೆಯಲ್ಲೇ ಒಂದು ಹಳೆಯ ತೊಗರಿ ಬುಡ ಸಿಕ್ಕಿತ್ತು. ಅದರ ತಾಯಿಬೇರು ನೇರ ಇಳಿದು, ಉಸುಕಿನ ಪಟ್ಟಿಗಿಂತ ಎರಡು ಬೆರಳು ಮೇಲೆ ಅಡ್ಡ ತಿರುಗಿ, ಹಾಗೇ ಕೊಳೆತು ನಿಂತಿತ್ತು. ಬುಡದ ಕಾಂಡ ಸೀಳಿ ತೋರಿಸಿದರು. ನೆಟೆ ಬಂದಿದ್ದರೆ ಸಿಪ್ಪೆಯ ಕೆಳಗೆ ಕಂದು ಕಪ್ಪು ಗೆರೆ ಉದ್ದಕ್ಕೂ ಇರಬೇಕು, ಇಲ್ಲಿ ಗೆರೆಯೇ ಇಲ್ಲ.

ಅವರು ಹೇಳಿದ್ದು ಹೀಗೆ. ಸಣ್ಣ ಕಣದ ಮಣ್ಣಿನಿಂದ ದಪ್ಪ ಉಸುಕಿಗೆ ನೀರು ಅಷ್ಟು ಸುಲಭವಾಗಿ ಇಳಿಯುವುದಿಲ್ಲ. ಸಣ್ಣ ರಂಧ್ರಗಳು ನೀರನ್ನು ಹಿಡಿದಿಟ್ಟುಕೊಳ್ಳುತ್ತವೆ, ಮೇಲಿನ ಮಣ್ಣು ಹೆಚ್ಚುಕಡಿಮೆ ಪೂರ್ತಿ ತೊಯ್ದು ತುಂಬಿದ ಮೇಲೇ ಉಸುಕಿಗೆ ನೀರು ಜಾರುವುದು. ಉಸುಕು ಇದ್ದರೆ ನೀರು ಬೇಗ ಬಸಿಯುತ್ತದೆ ಅಂತ ನಾವೆಲ್ಲ ಅಂದುಕೊಂಡಿರುತ್ತೇವೆ. ಮೇಲಿಂದ ಕೆಳತನಕ ಉಸುಕೇ ಇದ್ದರೆ ಹೌದು, ನಡುವೆ ಪಟ್ಟಿ ಬಂದರೆ ಉಲ್ಟಾ. ಬಿಡದೆ ಮಳೆ ಹೊಡೆದಾಗ ಆ ಪಟ್ಟಿಯ ಮೇಲೆ ನೀರು ತೂಗಿ ನಿಂತು ಬೇರಿಗೆ ಉಸಿರು ಕಟ್ಟುತ್ತದೆ. ಎರೆ ಭೂಮಿಯಲ್ಲಿ ಕೂತು ಬೆಳೆದ ತೊಗರಿ ಇಲ್ಲಿ ಹಳದಿಯಾಗಲಿಕ್ಕೆ ಕಾರಣ ಇದು. ಇದೊಂದು ಮಾತಿಗೇ ನಾನು ಕೊಟ್ಟ ದುಡ್ಡು ವಸೂಲಾಯಿತು ಅಂತ ಲೆಕ್ಕ.

ಮಣ್ಣಿನ ಜಾತಿ ಕೈಯಲ್ಲೇ ಹೇಳುವುದನ್ನೂ ನೋಡಿದೆ. ಒಂದು ಹಿಡಿ ಮಣ್ಣನ್ನು ನೀರು ಹಾಕಿ ನಾದಿ, ಹೆಬ್ಬೆರಳು ತೋರುಬೆರಳ ನಡುವೆ ಒತ್ತಿ ಪಟ್ಟಿ ಎಳೆಯುತ್ತಾರೆ. ಒಂದು ಇಂಚಿನೊಳಗೆ ಮುರಿದರೆ ಗೋಡು, ಅಂದರೆ ಲೋಮ್ ಗುಂಪು. ಒಂದರಿಂದ ಎರಡು ಇಂಚು ಬಂದರೆ ಜೇಡಿ ಗೋಡು. ಎರಡು ದಾಟಿದರೆ ಜೇಡಿ. ಜೊತೆಗೆ ಮುಟ್ಟಿದಾಗ ಹೇಗಿದೆ ಅನ್ನುವುದೂ ಮುಖ್ಯ. ರೇವೆ ಜಾಸ್ತಿ ಇದ್ದರೆ ಜೋಳದ ಹಿಟ್ಟು ಮುಟ್ಟಿದ ಹಾಗೆ ನುಣ್ಣಗಿರುತ್ತದೆ, ಅಂಟುವುದಿಲ್ಲ. ಮರಳಿದ್ದರೆ ಗರಗರ ಅನ್ನುತ್ತದೆ. ನಮ್ಮ ಮೇಲ್ಮಣ್ಣು ಒಂದು ಇಂಚಿನ ಹತ್ತಿರ ಮುರಿಯಿತು, ಎರಡನೇ ಪದರ ಅದನ್ನು ದಾಟಿತು. ಆಮೇಲೆ ಸಣ್ಣ ಬಾಟಲಿಯಿಂದ ತೆಳು ಆಸಿಡ್ ಎರಡು ಹನಿ ಹಾಕಿದರು, ಬುಸ್ ಅಂತ ನೊರೆ ಬಂತು. ಸುಣ್ಣ ಇದೆ ಅಂತ ಅರ್ಥ. ಭೀಮೆ ಹರಿದು ಬರುವುದು ದಖ್ಖನ್ನಿನ ಕಪ್ಪು ಕಲ್ಲಿನ ನಾಡಿನಿಂದ, ಆ ಮಣ್ಣಿನಲ್ಲಿ ಸುಣ್ಣ ಇದ್ದೇ ಇರುತ್ತದೆ. ಕಾಗಿಣಾ ಕಡೆಯವರಿಗೆ ಇನ್ನೂ ಜಾಸ್ತಿ ಇರಬಹುದು, ಆ ಹೊಳೆ ಹರಿಯುವುದೇ ಶಹಾಬಾದ್ ಕಲ್ಲಿನ ಮೇಲೆ.

ಎರಡನೇ ಗುಂಡಿ ರಸ್ತೆ ಕಡೆ ತೋಡಿಸಿದೆವು. ಹೊಳೆ ಉಕ್ಕಿದಾಗ ನೀರಿನ ವೇಗ ದಂಡೆ ದಾಟಿದ ಕೂಡಲೇ ಇಳಿಯುತ್ತದೆ, ಅದಕ್ಕೆ ದಪ್ಪ ಕಣ ದಂಡೆಯಲ್ಲೇ ಬೀಳುತ್ತದೆ, ರೇವೆ ಸ್ವಲ್ಪ ಆಚೆ, ಎಲ್ಲಕ್ಕಿಂತ ಸಣ್ಣ ಜೇಡಿ ನಿಂತ ನೀರಿನಿಂದ ನಿಧಾನಕ್ಕೆ ಇಳಿದು ದೂರದ ತಗ್ಗಿನಲ್ಲಿ ಕೂರುತ್ತದೆ. ದಂಡೆಯ ಅಂಚು ಸ್ವಲ್ಪ ಎತ್ತರ, ಒಳಗೆ ತಗ್ಗು ಇರುವುದು ಇದರಿಂದಲೇ. ಎರಡನೇ ಗುಂಡಿ ಆ ನೆರೆಯ ಲೆಕ್ಕವನ್ನೂ ದಾಟಿ ಹಳೆಯ ಎರೆಯಲ್ಲೇ ಇತ್ತು. ಮೊಣಕಾಲು ಆಳದಲ್ಲಿ ಮಣ್ಣಿನ ಮುಖಗಳು ಒಂದಕ್ಕೊಂದು ಉಜ್ಜಿ ಹೊಳೆಯುತ್ತಿದ್ದವು, ಒಣಗಿದಾಗ ಕುಗ್ಗಿ ನೆನೆದಾಗ ಉಬ್ಬುವ ಮಣ್ಣಿನ ಗುರುತು ಅದು. ಅಲ್ಲಿ ಹೆಚ್ಚು ಹೊತ್ತು ನಿಲ್ಲಲಿಲ್ಲ, ಎರೆ ನಮಗೆ ಗೊತ್ತಿದ್ದದ್ದೇ.

ಒಂದು ಒಳ್ಳೆಯ ಕೆಲಸ ಮಾಡಿದರು, ಅದನ್ನು ಹೇಳಲೇಬೇಕು. 2020ರ ಅಕ್ಟೋಬರಿನ ನೆರೆ ನೆನಪಿದೆಯಲ್ಲ, ಮಹಾರಾಷ್ಟ್ರದ ಉಜನಿ ಜಲಾಶಯದಿಂದ ಬಿಟ್ಟ ನೀರು, ಸೊನ್ನ ಬ್ಯಾರೇಜ್ ದಾಟಿ ಬಂದು ಅಫಜಲಪುರ, ಜೇವರ್ಗಿ, ಚಿತ್ತಾಪುರ, ಯಾದಗಿರಿ ಕಡೆ ದಂಡೆ ಹೊಲಗಳನ್ನೆಲ್ಲ ಮುಳುಗಿಸಿತ್ತು. ಆ ನೆರೆಯ ರೇವೆ ಉಳುಮೆಯಲ್ಲಿ ಕಲಸಿ ಹೋಗಿದೆ. ಉಳದೆ ಬಿಟ್ಟ ಬದುವಿನ ಮೂಲೆಯಲ್ಲಿ ಮಾತ್ರ ಉಳಿದಿತ್ತು. ಅಲ್ಲಿ ಒಂದು ಗೇಣು ಕೆತ್ತಿ ತೋರಿಸಿದರು, ತೆಳ್ಳಗಿನ ಗೆರೆಗಳು ಒಂದರ ಮೇಲೊಂದು, ಒಂದು ಕಂದು ಒಂದು ಬಿಳಿಚು. ನೀರು ಏರಿ ಇಳಿದದ್ದರ ಗುರುತು. ನಾನು ಫೋಟೋ ತೆಗೆದುಕೊಂಡೆ, ಕಾಕಾ ಊರಿನವರಿಗೆಲ್ಲ ತೋರಿಸಿದ್ದಾರೆ.

ಈಗ ದೂರು. ವರದಿ ಹೇಳಿದ ದಿನಕ್ಕೆ ಬರಲಿಲ್ಲ, ಫೋನ್ ಮಾಡಿ ಮಾಡಿ ಸಾಕಾಯಿತು. ಬಂದಿದ್ದು ಪೂರ್ತಿ ಇಂಗ್ಲಿಷಿನಲ್ಲಿ. ಜೇವರ್ಗಿಯ ರೈತನಿಗೆ ಇಂಗ್ಲಿಷ್ ಪಿಡಿಎಫ್ ಯಾಕೆ? ಮೊದಲ ಪುಟದಲ್ಲೇ ದಪ್ಪ ಅಕ್ಷರದಲ್ಲಿ ಹೊಳೆ ಕಡೆಯ ಗುಂಡಿಗೆ "ಫೈನ್ ಲೋಮಿ, ಮಿಕ್ಸ್ಡ್, ಕ್ಯಾಲ್ಕೇರಿಯಸ್, ಐಸೊಹೈಪರ್‌ಥರ್ಮಿಕ್, ಟಿಪಿಕ್ ಉಸ್ಟಿಫ್ಲುವೆಂಟ್ಸ್" ಅಂತ, ರಸ್ತೆ ಕಡೆಯದಕ್ಕೆ "ಟಿಪಿಕ್ ಹ್ಯಾಪ್ಲುಸ್ಟರ್ಟ್ಸ್" ಅಂತ ಬರೆದಿದ್ದರು. ಒಂದು ಸಾಲಿನ ವಿವರಣೆ ಇಲ್ಲ. ಕಾಕಾ ಇದೇನು ಔಷಧಿ ಹೆಸರಾ ಅಂತ ಕೇಳಿದರು. ಮತ್ತೆ ಸರ್ವೆಯವರಿಗೇ ಫೋನ್ ಹಚ್ಚಿ ಕೂತು ಬಿಡಿಸಿಕೊಂಡೆ, ಅವರು ಬೇಸರವಿಲ್ಲದೆ ಹೇಳಿದರು. ನಿಮಗೂ ಇಂಥದ್ದು ಬರಬಹುದು, ಅದಕ್ಕೆ ಇಲ್ಲಿ ಹಾಕುತ್ತೇನೆ.

ಇದು ಅಮೆರಿಕದ ಕೃಷಿ ಇಲಾಖೆ 1975ರಲ್ಲಿ ಪುಸ್ತಕವಾಗಿ ತಂದ ವರ್ಗೀಕರಣ, ನಮ್ಮ ದೇಶದ ಮಣ್ಣು ಸರ್ವೆಯೂ ಇದನ್ನೇ ಬಳಸುತ್ತದೆ. ಈಗ ಅದರಲ್ಲಿ ಎಲ್ಲ ಮಣ್ಣನ್ನು 12 ದೊಡ್ಡ ಗುಂಪು ಮಾಡಿದ್ದಾರೆ. ನಮ್ಮ ಹೊಳೆ ಕಡೆಯದು ಎಂಟಿಸಾಲ್, ಅಂದರೆ ಇನ್ನೂ ಎಳೆಯ ಮಣ್ಣು, ತನ್ನದೇ ಪದರ ಕಟ್ಟಿಕೊಳ್ಳಲು ಪುರುಸೊತ್ತಾಗಿಲ್ಲ, ಅಷ್ಟರಲ್ಲಿ ಹೊಳೆ ಮತ್ತೊಂದು ಹೊದಿಕೆ ಹಾಸುತ್ತದೆ. ಅದರೊಳಗೆ ಫ್ಲುವೆಂಟ್ ಅನ್ನುವುದು ನೆರೆ ಬಯಲಿನ ಒಳಗುಂಪು. ಇದಕ್ಕೆ ಸೇರಿಸುವ ರೀತಿ ಚೆನ್ನಾಗಿದೆ. ಸಾಮಾನ್ಯ ಹೊಲದಲ್ಲಿ ಆಳಕ್ಕೆ ಹೋದಂತೆ ಸಾವಯವ ಇಂಗಾಲ ಒಂದೇ ಸಮನೆ ಇಳಿಯುತ್ತದೆ. ನೆರೆ ಮಣ್ಣಿನಲ್ಲಿ ಹಾಗಲ್ಲ, ಇಳಿಯುತ್ತದೆ, ಮತ್ತೆ ಏರುತ್ತದೆ, ಯಾಕಂದ್ರೆ ಹಳೆಯ ಮೇಲ್ಮಣ್ಣು ಒಳಗೆ ಹೂತಿರುತ್ತದೆ. ಇಲ್ಲವೇ 125 ಸೆಂ.ಮೀ. ಆಳದಲ್ಲೂ ಕನಿಷ್ಠ 0.2 ಶೇಕಡಾ ಉಳಿದಿರುತ್ತದೆ. ನಮ್ಮದರಲ್ಲಿ ಮೇಲೆ 0.52, ಎರಡನೇ ಪದರದಲ್ಲಿ 0.34, ಉಸುಕಿನಲ್ಲಿ 0.11, ಅದರ ಕೆಳಗಿನ ಕಪ್ಪಿನಲ್ಲಿ ಮತ್ತೆ 0.47. ಬೇರೆ ಸಾಕ್ಷಿಯೇ ಬೇಡ. ಉಸ್ಟಿ ಅನ್ನುವುದು ಮಳೆಗಾಲದಲ್ಲಷ್ಟೇ ಹಸಿಯಿದ್ದು ಉಳಿದ ಕಾಲ ಒಣಗುವ ಸೀಮೆಗೆ. ಐಸೊಹೈಪರ್‌ಥರ್ಮಿಕ್ ಅಂದರೆ ಮಣ್ಣಿನ ಉಷ್ಣತೆ ಸರಾಸರಿ 22 ಡಿಗ್ರಿಗೆ ಕಮ್ಮಿಯಿಲ್ಲ, ಚಳಿಗೂ ಬೇಸಿಗೆಗೂ ಭಾರೀ ಅಂತರವಿಲ್ಲ. ಕಲಬುರಗಿ ಬಿಸಿಲಿಗೆ ಇದನ್ನು ಹೇಳಲು ಥರ್ಮಾಮೀಟರ್ ಬೇಕಾ! ಕ್ಯಾಲ್ಕೇರಿಯಸ್ ಅಂದರೆ ಅದೇ ಆಸಿಡ್ ನೊರೆ. ಫೈನ್ ಲೋಮಿ ಅಂದರೆ ಬೇರು ಓಡುವ ನಡುಭಾಗದಲ್ಲಿ ಜೇಡಿ ಸರಾಸರಿ 18ರಿಂದ 35 ಶೇಕಡಾ ಒಳಗಿದೆ ಅಂತ. ರಸ್ತೆ ಕಡೆಯದು ವರ್ಟಿಸಾಲ್, ಬಿರುಕು ಬಿಡುವ ಎರೆ.

ಮರಳು, ರೇವೆ, ಜೇಡಿಯ ಶೇಕಡಾ ಲೆಕ್ಕ ವರದಿಯ ಮೂರನೇ ಪುಟದಲ್ಲಿತ್ತು, ನನ್ನ ಪ್ರಕಾರ ಅದೇ ಮೊದಲ ಪುಟ ಆಗಬೇಕಿತ್ತು. ಮೇಲ್ಮಣ್ಣು 34, 41, 25, ಅಂದರೆ ಅಪ್ಪಟ ಲೋಮ್. ಎರಡನೇ ಪದರ 22, 50, 28, ಜೇಡಿ ಲೋಮ್. ಉಸುಕಿನ ಪಟ್ಟಿ 84, 11, 5. ಕೆಳಗಿನ ಕಪ್ಪು 16, 50, 34, ರೇವೆ ಜೇಡಿ ಲೋಮ್. ಕೈಯಲ್ಲಿ ಪಟ್ಟಿ ಎಳೆದು ಸರ್ವೆಯವರು ಹೇಳಿದ್ದಕ್ಕೂ ಇದಕ್ಕೂ ತಾಳೆಯಾಯಿತು, ಖುಷಿಯಾಯಿತು. ಇಲ್ಲೊಂದು ಎಚ್ಚರಿಕೆ. ಲ್ಯಾಬುಗಳಲ್ಲಿ ಎರಡು ಪದ್ಧತಿ ಇವೆ. ಅಮೆರಿಕದ ಲೆಕ್ಕದಲ್ಲಿ 0.05 ಮಿ.ಮೀ.ಗಿಂತ ದಪ್ಪದ್ದು ಮರಳು, ಅಂತಾರಾಷ್ಟ್ರೀಯ ಪದ್ಧತಿ ಅಂತ ಕರೆಯುವ ಹಳೆಯ ಲೆಕ್ಕದಲ್ಲಿ 0.02 ಮಿ.ಮೀ. ದಾಟಿದ್ದೆಲ್ಲ ಮರಳು. ಜೇಡಿಯ ಗೆರೆ ಎರಡರಲ್ಲೂ 0.002 ಮಿ.ಮೀ. ಹೊಳೆದಂಡೆ ಮಣ್ಣಿನಲ್ಲಿ ಈ ಎರಡು ಗೆರೆಗಳ ನಡುವಿನ ಕಣವೇ ಜಾಸ್ತಿ, ಹಾಗಾಗಿ ಒಂದೇ ಮಣ್ಣು ಒಂದು ಲ್ಯಾಬಿನಲ್ಲಿ ರೇವೆ, ಇನ್ನೊಂದರಲ್ಲಿ ಮರಳು ಅಂತ ಬರುತ್ತದೆ. ಹಳೆಯ ವರದಿ ಜೊತೆ ಹೊಸದನ್ನು ಇಟ್ಟು ಮಣ್ಣು ಬದಲಾಗಿದೆ ಅಂತ ಗಾಬರಿಯಾಗಬೇಡಿ, ಯಾವ ಪದ್ಧತಿ ಅಂತ ಮೊದಲು ಕೇಳಿ. ಇವರು ಅಮೆರಿಕದ ಪದ್ಧತಿ ಅಂತ ಬರೆದಿದ್ದರು, ಅದಕ್ಕೊಂದು ಮಾರ್ಕ್ಸ್. ಹೈಡ್ರೋಮೀಟರನ್ನು (ಮಣ್ಣು ಕಲಕಿದ ನೀರಿನ ಸಾಂದ್ರತೆ ಅಳೆಯುವ ಉಪಕರಣ) 40 ಸೆಕೆಂಡಿಗೆ ಮತ್ತು ಎರಡು ಗಂಟೆಗೆ ಓದಿದ್ದಾರೆ. ಎರಡು ಗಂಟೆಯಲ್ಲಿ ಸಣ್ಣ ರೇವೆ ಇನ್ನೂ ತೇಲುತ್ತಿರುತ್ತದೆ, ಅದೂ ಜೇಡಿಯ ಲೆಕ್ಕಕ್ಕೆ ಸೇರುತ್ತದೆ, ಹಾಗಾಗಿ ಜೇಡಿ ಸ್ವಲ್ಪ ಜಾಸ್ತಿ ತೋರಿಸಿರಬಹುದು. ಇದನ್ನೂ ಹೇಳಿದ್ದು ಸರ್ವೆಯವರೇ, ವರದಿಯಲ್ಲಿ ಇಲ್ಲ.

ಎಲ್ಲಕ್ಕಿಂತ ಸಿಟ್ಟು ಬಂದಿದ್ದು ಕೊನೆಯ ಪುಟಕ್ಕೆ. ಗೊಬ್ಬರದ ಶಿಫಾರಸು. ಎರೆಗೂ ಹೊಳೆದಂಡೆಗೂ ಒಂದಕ್ಷರ ಬಿಡದೆ ಅದೇ ಪ್ರಮಾಣ, ಅದೇ ಸಾಲು. ಗುಂಡಿಯೊಳಗೆ ನಿಂತು ಅಷ್ಟೆಲ್ಲ ನೋಡಿ, ಕೊನೆಗೆ ಕಾಪಿ ಪೇಸ್ಟ್ ಮಾಡಿದರೆ ಏನು ಬಂತು? ರಸಸಾರ 8.3, ಸುಣ್ಣ ಇದೆ. ಇಂಥ ಮಣ್ಣಿನಲ್ಲಿ ಹಾಕಿದ ರಂಜಕ ಸುಣ್ಣದ ಜೊತೆ ಕಟ್ಟಿಕೊಳ್ಳುತ್ತದೆ, ಸತು ಕಬ್ಬಿಣ ಬೆಳೆಗೆ ಸಿಗುವುದು ಕಷ್ಟ, ರಂಜಕವನ್ನು ಸಾಲಿನಲ್ಲಿ ಬೀಜದ ಹತ್ತಿರ ಕೊಡಬೇಕು, ಸತು ಸೇರಿಸಬೇಕು ಅಂತ ಎರಡು ಸಾಲು ಬರೆಯಲು ಏನಾಗಿತ್ತು. ಲವಣಾಂಶ ಕಮ್ಮಿಯೇ ಇದೆ, ಸವಳು ಇನ್ನೂ ಬಂದಿಲ್ಲ, ಅದನ್ನಾದರೂ ಸರಿಯಾಗಿ ಹೇಳಿದ್ದಾರೆ.

ಕಾಗದ ಬದಿಗಿಟ್ಟು, ಸರ್ವೆಯವರು ಗುಂಡಿಯ ಹತ್ತಿರ ಹೇಳಿದ್ದನ್ನೇ ಮಾಡಿದೆವು. ಹೊಳೆ ಕಡೆ ತೊಗರಿಯನ್ನು ಬೋದಿನ (ಎತ್ತರಿಸಿದ ಸಾಲಿನ) ಮೇಲೆ ಬಿತ್ತಿದೆವು, ಇಳಿಜಾರಿನ ಕಡೆ ಬಸಿಗಾಲುವೆ ತೆಗೆದೆವು. ರೇವೆ ಜಾಸ್ತಿ ಇರುವ ಮೇಲ್ಮಣ್ಣು ಜೋರು ಮಳೆ ಬಿದ್ದು ಬಿಸಿಲು ಬಂದರೆ ಹೆಪ್ಪುಗಟ್ಟಿ ಮೊಳಕೆ ಏಳಲು ಬಿಡುವುದಿಲ್ಲ, ಅದಕ್ಕೆ ಬಿತ್ತಿದ ಮೇಲೆ ಹಗುರಾಗಿ ಕೆದಕಿಸಿ ಬಿಟ್ಟೆವು. ಡ್ರಿಪ್ ಹಾಕಿದರೆ ಒಂದೇ ಸಲ ಗಂಟೆಗಟ್ಟಲೆ ಬಿಡದೆ ಸ್ವಲ್ಪ ಸ್ವಲ್ಪವೇ ಬಿಡಿ ಅಂದಿದ್ದಾರೆ. ಲೋಮ್ ಮಣ್ಣು ಒಂದು ಮೀಟರ್ ಆಳಕ್ಕೆ ಸುಮಾರು 150ರಿಂದ 200 ಮಿ.ಮೀ. ನೀರನ್ನು ಬೆಳೆಗೆ ಸಿಗುವಂತೆ ಹಿಡಿದಿಡುತ್ತದೆ ಅನ್ನುವುದು ಪುಸ್ತಕದ ಲೆಕ್ಕ. ನಮಗೆ ಉಸುಕಿನ ಮೇಲೆ ಅರ್ಧ ಮೀಟರೂ ಇಲ್ಲ, ಹಾಗಾಗಿ ಲೆಕ್ಕವನ್ನೂ ಅರ್ಧಕ್ಕೆ ಇಳಿಸಬೇಕು. ಈ ಸಲ ಹಳದಿ ತುಂಬಾ ಕಮ್ಮಿ. ಮಳೆಯೂ ಕಮ್ಮಿ ಇತ್ತು, ಪೂರ್ತಿ ಶ್ರೇಯಸ್ಸು ಬೋದಿಗೇ ಕೊಡಲಾರೆ.

ದುಡ್ಡು ಎರಡು ಗುಂಡಿಗೆ ಸೇರಿ ಸುಮಾರು ಮೂರು ಚೀಲ ಡಿಎಪಿ ಗೊಬ್ಬರದ ಬೆಲೆಯಷ್ಟಾಯಿತು, ತೋಡುವ ಆಳಿನ ಕೂಲಿ ಬೇರೆ. ಎಲ್ಲರಿಗೂ ಇದು ಬೇಕು ಅಂತ ಹೇಳುವುದಿಲ್ಲ. ಬೀದರ್ ಕಡೆ ಎತ್ತರದ ಕೆಂಪು ಜಂಬಿಟ್ಟಿಗೆ ಭೂಮಿಯವರಿಗೆ, ಒಂದೇ ಸಮನೆ ಎರೆ ಇರುವವರಿಗೆ ಕಾರ್ಡ್ ಸಾಕಾಗಬಹುದು. ನಿಮ್ಮದು ಸರ್ಕಾರದ ಸುಜಲಾ ಜಲಾನಯನ ಯೋಜನೆಯ ಮೂರನೇ ಹಂತದಲ್ಲಿ ಬಂದಿದ್ದರೆ ಸರ್ವೆ ನಂಬರ್ ಮಟ್ಟದ ಮಣ್ಣಿನ ನಕ್ಷೆ ಆಗಲೇ ಆಗಿರಬಹುದು, ಮೊದಲು ರೈತ ಸಂಪರ್ಕ ಕೇಂದ್ರದಲ್ಲಿ ವಿಚಾರಿಸಿ, ದುಡ್ಡು ಉಳಿಯುತ್ತದೆ. ಹೊಳೆ, ಹಳ್ಳದ ದಂಡೆಯವರು ಮಾತ್ರ ಗುಂಡಿ ತೋಡಿಸಿಯೇ ನೋಡಿ. ಕರೆಸುವ ಮುಂಚೆ ಕನ್ನಡದಲ್ಲಿ ವರದಿ ಕೊಡುತ್ತೀರಾ, ಪ್ರತಿ ಗುಂಡಿಗೆ ಬೇರೆ ಶಿಫಾರಸು ಕೊಡುತ್ತೀರಾ ಅಂತ ಕೇಳಿ, ಒಪ್ಪಿದ ಮೇಲೇ ಮುಂಗಡ ಕೊಡಿ. ರಾಶಿ ಮುಗಿದ ಕೂಡಲೇ, ಮಣ್ಣಿನಲ್ಲಿ ಇನ್ನೂ ಹಸಿ ಇರುವಾಗ ತೋಡಿಸಿದರೆ ಪದರದ ಬಣ್ಣ ಸರಿಯಾಗಿ ಕಾಣುತ್ತದೆ, ಮೇ ತಿಂಗಳ ತನಕ ತಡ ಮಾಡಿದರೆ ಗುದ್ದಲಿಯೂ ಇಳಿಯುವುದಿಲ್ಲ.